ಗೋಣಿಯ ತೂಕ ಕಳೆದು

ಸೈದಲವಿಯನ್ನು ತೂಕಕ್ಕೆ ಹಾಕುವುದು ನಾನೇ,
ಪ್ರತಿ ಸೋಮವಾರ,
ಕುಶಾಲನಗರದ ನಮ್ಮ ಕ್ಯೂರಿಂಗ್ ವರ್ಕ್ಸಿನ
ದೊಡ್ಡ ಕಾಟಾದ ಮೇಲೆ.
ಮಡಿಕೇರಿ ಆಸ್ಪತ್ರೆಯವರು ಬರೆದು ತಾ ಅಂದಿದ್ದಾರೆ.
ಅವನ ಬೀದಿಯ ಮೆಡಿಕಲ್ಲಿನ ಯಂತ್ರ
ನೂರು ದಾಟಿದರೆ ಮಾತು ನಿಲ್ಲಿಸುತ್ತದೆ.

ಊರುಗೋಲು ಗೋಡೆಗೆ ಒರಗಿಸಿ ಹತ್ತುತ್ತಾನೆ.
'ದುಬಾರೆಯಲ್ಲಿ ಆನೆಗೂ ಹೀಗೇ ಅಂತೆ, ರೈಟ್ರೇ'
ಅಂದು ತಾನೇ ಮೊದಲು ನಗುತ್ತಾನೆ,
ನಾನು ನಗುವ ಮುಂಚೆ.

ನೂರ ಹದಿನೇಳು ಕಿಲೋ ಆರುನೂರು.
ಪೆನ್ನು ತಾನಾಗಿ ಒಂದು ಕಿಲೋ ಕಳೆಯುತ್ತದೆ
ಗೋಣಿಗೆಂದು.
ಹತ್ತೊಂಬತ್ತು ವರ್ಷದ ರೂಢಿ. ಹೊಡೆದುಹಾಕಿ
ಮತ್ತೆ ಬರೆಯುತ್ತೇನೆ.

ಇದೇ ಮೈ ಅಲ್ಲವೆ,
ಫೆಬ್ರವರಿಯಲ್ಲಿ ಲಾರಿಗಳು ಹಾರಂಗಿ ರಸ್ತೆವರೆಗೂ ನಿಂತಾಗ
ಐವತ್ತರ ಎರಡು ಚೀಲ ಒಟ್ಟಿಗೆ ಹೊತ್ತು
ಹಲಗೆ ಏರಿದ್ದು?
'ಲೋಡಿಂಗಿಗೆ ಮೈ ಬೇಕಪ್ಪ, ಮೈ'
ಎಂದು ಮೇಸ್ತ್ರಿ ಅವನ ಬೆನ್ನು ತಟ್ಟಿ
ಹೊಸ ಹುಡುಗರಿಗೆ ತೋರಿಸುತ್ತಿದ್ದ, ಹೋರಿ ತೋರಿಸಿದ ಹಾಗೆ.
ಈಗ ಅದೇ ಬಾಯಿ:
'ಇಷ್ಟು ಬೆಳೆಸಿಕೊಂಡರೆ
ಮಂಡಿ ತಾನೇ ಏನು ಮಾಡೀತು.'

ಹಲಗೆ ಮುರಿದಾಗ ಮೇಲಿದ್ದವರು ಇಬ್ಬರು.
ಇನ್ನೊಬ್ಬ ಚುಬ್ರ, ಎರವರ ಹುಡುಗ,
ಹಿಂದಿನಿಂದ ಚೀಲ ತಾಳಿಸುತ್ತಿದ್ದವ.
ಅವನ ಮೀನಖಂಡವನ್ನು ಮೊಳೆ ಸೀಳಿತ್ತು, ಅಷ್ಟೇ;
ಅದೂ ಮಾಯಲಿಲ್ಲ.
'ಒಳಗೆ ಏನಾದರೂ ಇದ್ದರೆ ತಾನೆ ಗಾಯ ಕೂಡುವುದು'
ಅಂದರು ನರ್ಸಮ್ಮ. ನಲವತ್ತೊಂದು ಕಿಲೋ.
ಅವನಿಗೆ ದಿನಕ್ಕೆರಡು ಮೊಟ್ಟೆ ಬರೆದರು,
ಇವನಿಗೆ ಪತ್ತಿರಿ ಬಿಡಿಸಿದರು.
ಮೊಟ್ಟೆಯ ದುಡ್ಡನ್ನು ಯಾರೂ ಬರೆಯಲಿಲ್ಲ.

ಡಾಕ್ಟರು ಸುಳ್ಳು ಹೇಳಲಿಲ್ಲ.
ಮೈಯಿಂದ ಹತ್ತು ಕಿಲೋ ಹೋದರೆ
ನಡೆಯುವ ಮಂಡಿಗೆ ನಲವತ್ತು ಹೋದಂತೆ, ಅಂದರು.
ಸೈದಲವಿ ಬೆರಳು ಮಡಿಸಿದ:
'ಮುಕ್ಕಾಲು ಚೀಲ.
ಇಳಿಸೋದು ನನಗೆ ಗೊತ್ತು ಡಾಕ್ಟ್ರೇ,
ಇಷ್ಟು ವರ್ಷ ಅದೇ ತಾನೆ ಮಾಡಿದ್ದು.
ಆದರೆ ಅದು ಬೇರೆಯವರ ಲಾರಿಯಿಂದ.'

ನಡೆದರೆ ಮಂಡಿ ಊದುತ್ತದೆ,
ಕೂತರೆ ಹೊಟ್ಟೆ.
ಮೂರು ತಿಂಗಳು ಕೂತ, ಒಂಬತ್ತು ಕಿಲೋ ಏರಿದ.
ಸುಹರಾ ಕಾಳು ಆರಿಸಲು ಎರಡು ಪಾಳಿ ಬರುತ್ತಾಳೆ,
ಕಪ್ಪು ಕಾಳು, ಒಡೆದದ್ದು, ಹುಳ ಹೊಕ್ಕದ್ದು;
ನನ್ನ ಮೇಜಿನ ಮುಂದೆ ಹಾದುಹೋಗುವಾಗ
ಎಷ್ಟು ಬಂತು ಅಂತ ಕೇಳುವುದಿಲ್ಲ,
ಮುಖ ನೋಡುತ್ತಾಳೆ.

ಐವತ್ತು ಕಿಲೋ ಚೆರಿಗೆ ಔಟ್‌ಟರ್ನ್ ಇಪ್ಪತ್ತಾರು.
ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ ತೂಗಿದರೆ ಸಾಕು,
ಇಡೀ ತೋಟದ ಹಣೆಬರಹ ಹೇಳಬಲ್ಲೆ.
ಈ ನೂರ ಹದಿನೇಳರಲ್ಲಿ
ಯಾವುದು ಕಾಳು, ಯಾವುದು ಸಿಪ್ಪೆ,
ರಾತ್ರಿ ಮೂರಕ್ಕೆ ಎದ್ದು ಕೂತು ತಿಂದ ತಣ್ಣನೆ ಗಂಜಿ
ಯಾವ ಕಾಲಮ್ಮಿಗೆ?

ಇನ್ಶೂರೆನ್ಸಿನ ಹುಡುಗ ಬಂದಿದ್ದ,
ಶೂ ತುಂಬ ಕಣದ ಧೂಳು, ಪಾಪ.
'ಗುಣವಾಗಲು ತಡವಾದ ಕಾರಣ' ಎಂಬ ಗೆರೆಯ ಮೇಲೆ
ಬೆರಳಿಟ್ಟು, 'ಅತಿತೂಕ ಅಂತ ಹಾಕಿ ಸಾರ್,
ಸುಲಭ ಆಗ್ತದೆ' ಅಂದ.
ಯಾರಿಗೆ ಅಂತ ನಾನು ಕೇಳಲಿಲ್ಲ.

ಅವನು ಹೋದ ಮೇಲೆ
ಶೆಡ್ಡಿನ ಹಿಂದೆ ಬಿದ್ದಿದ್ದ ಮುರಿದ ಹಲಗೆ ತಂದು
ಎರಡು ತುಂಡನ್ನೂ ಕಾಟಾಕ್ಕೆ ಹಾಕಿದೆ.
ಏಳು ಕಿಲೋ. ಆ ಉದ್ದಕ್ಕೆ
ಹದಿನೈದಾದರೂ ಇರಬೇಕು.
ಒಳಗೆಲ್ಲ ಗೆದ್ದಲು ತಿಂದು
ಬೆರಳು ಒತ್ತಿದರೆ ರವೆ.
ಅದರ ಬಿಲ್ಲು ಬರೆದದ್ದೂ ನಾನೇ:
ಸಿಲ್ವರ್ ಓಕ್, ಹಳೆಯದು, ಒಂದು.
ಇನ್ನೂರ ನಲವತ್ತು ರೂಪಾಯಿ.

ಆ ಗೆರೆ ಇನ್ನೂ ಖಾಲಿ ಇದೆ.

ಈ ಸೋಮವಾರ ನೂರ ಹದಿನಾರು ಒಂಬೈನೂರು.
'ಏಳುನೂರು ಗ್ರಾಂ ಇಳಿದೆ! ಗೋಣಿ ಕಳೆದಿಲ್ಲ ತಾನೆ?'
'ಇಲ್ಲ ಮಾರಾಯ.'
ಕಾಟಾದಿಂದ ಇಳಿಯುವಾಗ ನೋವಿನ ಕಾಲು ಮೊದಲು,
ಹಾಗೆ ಕಲಿಸಿದ್ದಾರೆ.
ಕಾಲು ಗಾಳಿಯಲ್ಲೇ ನಿಂತಿತು.
ಎಲ್ಲಿದ್ದನೋ ಚುಬ್ರ, ಬ್ಯಾಂಡೇಜಿನ ಕಾಲೆಳೆದು ಬಂದು
ಕಾಟಾ ಹತ್ತಿ ಹೆಗಲು ಕೊಟ್ಟ.

ಮುಳ್ಳು ಒಮ್ಮೆ ಜೋರಾಗಿ ಓಲಾಡಿ
ನೂರ ಐವತ್ತೆಂಟರ ಹತ್ತಿರ ನಿಂತಿತು.
ಬರೆದುಕೊಳ್ಳಲಿಲ್ಲ.